ಬಸ್ಸು ಹತ್ತದ 381 ದಿನ



ವಾರವಾರವೂ ನನ್ನ ದನಿ ಕೇಳಿ ನಿಮಗೆ ಸಾಕಾಗಿರಬಹುದು. ಈ ಸಲ ಬೇರೆಯವರ ದನಿಯಿಂದ ಶುರು ಮಾಡೋಣ. 1959ರ ಮಾರ್ಚ್ 9ರಂದು ದೆಹಲಿಯಲ್ಲಿ ಅಮೆರಿಕದ ಅತಿಥಿಯೊಬ್ಬರು ನಮ್ಮ ಆಕಾಶವಾಣಿಗಾಗಿ ಕೆಲವು ನಿಮಿಷ ಮಾತಾಡಿದರು. ಒಂದು ತಿಂಗಳು ಭಾರತವನ್ನೆಲ್ಲ ಸುತ್ತಿ, ಮಾರನೇ ದಿನ ಊರಿಗೆ ಹೊರಡುವವರಿದ್ದರು. ಆಮೇಲೆ ಆ ಟೇಪು ಯಾವ ಕಪಾಟು ಸೇರಿತೋ, ಎಲ್ಲರೂ ಮರೆತರು. ಐವತ್ತು ವರ್ಷ ಕಳೆದ ಮೇಲೆ, 2009ರಲ್ಲಿ, ಅದು ಆಕಾಶವಾಣಿಯ ಸಂಗ್ರಹದಲ್ಲಿ ಸಿಕ್ಕಿದ ಸುದ್ದಿ ಬಂತು. ಮಾತಾಡಿದವರು ಮಾರ್ಟಿನ್ ಲೂಥರ್ ಕಿಂಗ್.

ರೇಡಿಯೋದವರಿಗೆ ಹಳೇ ಟೇಪು ಸಿಕ್ಕಿತೆಂದರೆ ನಿಧಿ ಸಿಕ್ಕಿದ ಹಾಗೆ. ನಾನಂತೂ ಎರಡೆರಡು ಸಲ ಕೇಳಿದೆ. ಅವಸರವಿಲ್ಲದ, ಗಂಭೀರವಾದ ದನಿ. ಆಗ ಅವರಿಗೆ ಎಷ್ಟು ವಯಸ್ಸು ಎಂದು ಲೆಕ್ಕ ಹಾಕಿದೆ. ಬರೀ ಮೂವತ್ತು. ನನಗಿಂತ ಚಿಕ್ಕವರು! ಕೆಲಸ ಏನು ಗೊತ್ತೇ? ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ಎಂಬ ಊರಿನಲ್ಲಿ ಒಂದು ಚರ್ಚಿನ ಪಾದ್ರಿ. ಆ ಚರ್ಚಿನ ಸದಸ್ಯರ ಸಂಖ್ಯೆ ಮುನ್ನೂರು ಚಿಲ್ಲರೆ. ನಮ್ಮ ಎಷ್ಟೋ ಕನ್ನಡ ಸಂಘಗಳಲ್ಲಿ ಇದಕ್ಕಿಂತ ಹೆಚ್ಚು ಸದಸ್ಯರಿರುತ್ತಾರೆ.

ಕಿಂಗ್ ಬಗ್ಗೆ ನೀವೆಲ್ಲ ಶಾಲೆಯಲ್ಲೇ ಓದಿದ್ದೀರಿ. ನಾನು ಹೇಳಹೊರಟಿರುವುದು ಭಾನುವಾರ ಭಾನುವಾರ ಅವರೆದುರು ಬೆಂಚಿನ ಮೇಲೆ ಕೂತವರ ಕತೆ. ಕಾರು ಓಡಿಸಿದವರು, ಕರಪತ್ರ ಹಂಚಿದವರು, ಕೇಕು ಬೇಯಿಸಿ ಮಾರಿದವರ ಕತೆ. ಅವರಿಲ್ಲದಿದ್ದರೆ ಆ ದನಿ ದೆಹಲಿಯವರೆಗೆ ಬರುತ್ತಲೇ ಇರಲಿಲ್ಲ.

ಗುಲಾಮರ ದೊಡ್ಡಿಯಿಂದ ದೊಡ್ಡ ಬೀದಿಗೆ

ಆ ಚರ್ಚಿನ ಹೆಸರು ಡೆಕ್ಸ್‌ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಚರ್ಚು. ಶುರುವಾದದ್ದು 1877ರಲ್ಲಿ. ಅಮೆರಿಕದಲ್ಲಿ ಗುಲಾಮಗಿರಿ ರದ್ದಾಗಿ ಆಗಿನ್ನೂ ಹನ್ನೆರಡೇ ವರ್ಷ. ಆ ಸಭೆಯವರು ಮೊದಲು ಪ್ರಾರ್ಥನೆಗೆ ಸೇರಿದ ಜಾಗ ಯಾವುದು ಗೊತ್ತೇ? ಹಿಂದೆ ವ್ಯಾಪಾರಿಯೊಬ್ಬ ಮಾರಾಟದ ಗುಲಾಮರನ್ನು ಕೂಡಿಹಾಕುತ್ತಿದ್ದ ದೊಡ್ಡಿ! ಎರಡು ವರ್ಷದ ನಂತರ 270 ಡಾಲರ್ ಕೊಟ್ಟು ಊರಿನ ದೊಡ್ಡ ಬೀದಿಯಲ್ಲೇ ನಿವೇಶನ ಕೊಂಡರು. ಅದೇ ಬೀದಿಯ ತುದಿಯಲ್ಲಿ ಅಲಬಾಮಾದ ಶಾಸನಸಭೆಯ ಭವನವಿದೆ. 1861ರಲ್ಲಿ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳ ಅಧ್ಯಕ್ಷನಾಗಿ ಜೆಫರ್ಸನ್ ಡೇವಿಸ್ ಪ್ರಮಾಣವಚನ ತೆಗೆದುಕೊಂಡದ್ದು ಅಲ್ಲೇ. ಅಂಥ ಭವನದ ಕಣ್ಣೆದುರೇ ಕಪ್ಪುಜನರ ಇಟ್ಟಿಗೆ ಚರ್ಚು ಎದ್ದಿತು.

1950ರ ಹೊತ್ತಿಗೆ ಈ ಸಭೆಯಲ್ಲಿ ಓದಿದವರೇ ಜಾಸ್ತಿ. ಕಾಲೇಜು ಮೇಷ್ಟ್ರುಗಳು, ವೈದ್ಯರು, ಸಣ್ಣ ವ್ಯಾಪಾರಸ್ಥರು. ತಾವಾಯಿತು, ತಮ್ಮ ಘನತೆಯಾಯಿತು ಎಂದು ಇರುವವರು ಎಂಬ ಮಾತೂ ಊರಿನಲ್ಲಿತ್ತು. ಕಿಂಗ್‌ಗಿಂತ ಮುಂಚೆ ಅಲ್ಲಿ ಪಾದ್ರಿಯಾಗಿದ್ದ ವರ್ನನ್ ಜಾನ್ಸ್ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಹೊರಗೆ ನಮ್ಮವರಿಗೆ ಪೆಟ್ಟು ಬೀಳುತ್ತಿರುವಾಗ ಒಳಗೆ ಇಸ್ತ್ರಿ ಬಟ್ಟೆ ಹಾಕಿ ಕೂತರೆ ಏನು ಬಂತು ಎನ್ನುವ ಜಾಯಮಾನ ಅವರದು. ಸಭೆಗೂ ಅವರಿಗೂ ಜಗಳವೇ ಆಗಿ, 1952ರಲ್ಲಿ ಅವರು ಹೊರಟರು. ಆದರೆ ಬಿತ್ತಿದ ಬೀಜ ನೆಲದಲ್ಲೇ ಉಳಿಯಿತು.

1954ರಲ್ಲಿ ಬಂದ ಇಪ್ಪತ್ತೈದರ ಹುಡುಗ ಕಿಂಗ್ ಮಾಡಿದ ಮೊದಲ ಕೆಲಸಗಳಲ್ಲೊಂದು, ಸಭೆಯೊಳಗೇ ಸಾಮಾಜಿಕ ಮತ್ತು ರಾಜಕೀಯ ಕೆಲಸಕ್ಕೆಂದು ಒಂದು ಸಮಿತಿ. ಪ್ರತಿಯೊಬ್ಬ ಸದಸ್ಯನೂ ಮತದಾರರ ಪಟ್ಟಿಗೆ ಸೇರಬೇಕು, ಕಪ್ಪುಜನರ ಹಕ್ಕಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಸ್ಥೆಗೂ ಸೇರಬೇಕು ಎಂದು ಒತ್ತಾಯ. ಆ ಸಮಿತಿಯ ಕೆಲಸಕ್ಕೆ ಜನ ಹುಡುಕಬೇಕಾಗಲಿಲ್ಲ. ಸಭೆಯ ಮೇರಿ ಫೇರ್ ಬರ್ಕ್ಸ್ 1946ರಲ್ಲೇ ‘ಮಹಿಳಾ ರಾಜಕೀಯ ಮಂಡಳಿ’ ಕಟ್ಟಿದ್ದರು. ಇನ್ನೊಬ್ಬ ಸದಸ್ಯೆ, ಇಂಗ್ಲಿಷ್ ಅಧ್ಯಾಪಕಿ ಜೋ ಆನ್ ರಾಬಿನ್ಸನ್, ಆಗ ಅದರ ಅಧ್ಯಕ್ಷೆ.

ಹತ್ತು ಸೀಟಿನ ಗೆರೆ

ಮುಂಬೈಯ ಬೆಸ್ಟ್ ಆಗಲಿ, ಹೈದರಾಬಾದಿನ ಆರ್‌ಟಿಸಿ ಆಗಲಿ, ಬಸ್ಸಿನಲ್ಲಿ ಸೀಟು ಸಿಗುವುದು ಎಂಥ ಭಾಗ್ಯವೆಂದು ನಿಮಗೆ ಹೇಳಬೇಕಿಲ್ಲ. ಈಗ ಹೀಗೆ ಊಹಿಸಿಕೊಳ್ಳಿ. ಮುಂದಿನ ಹತ್ತು ಸೀಟು ಬಿಳಿಯರಿಗೇ ಮೀಸಲು. ಅವು ಖಾಲಿ ಇದ್ದರೂ ನೀವು ಕೂರುವಂತಿಲ್ಲ, ಪಕ್ಕದಲ್ಲೇ ನಿಂತು ಹೋಗಬೇಕು. ಆ ಹತ್ತು ತುಂಬಿ ಇನ್ನೊಬ್ಬ ಬಿಳಿಯ ಬಂದರೆ, ನೀವು ಕೂತ ಸಾಲೇ ಎದ್ದು ಹಿಂದೆ ಸರಿಯಬೇಕು. ಮುಂದಿನ ಬಾಗಿಲಲ್ಲಿ ಹತ್ತು ಸೆಂಟ್ ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಂದ ಹತ್ತಬೇಕು. ಅಷ್ಟರಲ್ಲಿ ಡ್ರೈವರ್ ಬಸ್ಸು ಬಿಟ್ಟರೆ ದುಡ್ಡೂ ಹೋಯಿತು, ಬಸ್ಸೂ ಹೋಯಿತು. ಆ ಊರಿನ ಬಸ್ಸುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಪ್ರಯಾಣಿಕರು ಕಪ್ಪುಜನರೇ. ಬಸ್ ಕಂಪನಿ ಬದುಕಿದ್ದೇ ಅವರ ಕಾಸಿನಿಂದ.

1949ರಲ್ಲಿ ಮರೆವಿನಲ್ಲಿ ಮುಂದಿನ ಸೀಟಲ್ಲಿ ಕೂತು ಡ್ರೈವರನಿಂದ ಬೈಸಿಕೊಂಡು, ಅಳುತ್ತ ಇಳಿದುಹೋದವರು ಇದೇ ರಾಬಿನ್ಸನ್. ಆ ಅವಮಾನ ಅವರು ಮರೆಯಲಿಲ್ಲ. 1954ರ ಮೇ ತಿಂಗಳಲ್ಲಿ ಮೇಯರಿಗೆ ಪತ್ರ ಬರೆದು, ಹೀಗೇ ನಡೆದರೆ ಬಸ್ ಬಹಿಷ್ಕಾರ ಆಗಬಹುದೆಂದು ಎಚ್ಚರಿಸಿದ್ದರು. 1955ರ ಮಾರ್ಚಿನಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದರ ಹುಡುಗಿ ಏಳಲೊಲ್ಲೆನೆಂದು ಬಂಧನಕ್ಕೊಳಗಾದಳು. ಡಿಸೆಂಬರ್ 1, ಗುರುವಾರ ಸಂಜೆ, ಹೊಲಿಗೆ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ರೋಸಾ ಪಾರ್ಕ್ಸ್ ಅವರೂ ಏಳಲಿಲ್ಲ. ಅವರನ್ನೂ ಬಂಧಿಸಿದರು.

ಅಂದು ರಾತ್ರಿ ರಾಬಿನ್ಸನ್ ತಮ್ಮ ಕಾಲೇಜಿಗೆ ಹೋದರು. ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳು ಜೊತೆಗೆ. ಬೆಳಗಿನವರೆಗೆ ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಿ ಹತ್ತಾರು ಸಾವಿರ ಕರಪತ್ರ ತೆಗೆದರು. ಸೋಮವಾರ ಯಾರೂ ಬಸ್ಸು ಹತ್ತಬೇಡಿ ಎಂದಷ್ಟೇ ವಿನಂತಿ. ಶುಕ್ರವಾರ ಬೆಳಿಗ್ಗೆ ಪಾಠ ಮುಗಿಸಿದವರೇ ಅವನ್ನು ಶಾಲೆ, ಅಂಗಡಿ, ಕ್ಷೌರದಂಗಡಿಗಳಿಗೆ ಮುಟ್ಟಿಸಿದರು. ಅಂದೇ ಸಂಜೆ ಊರಿನ ಕಪ್ಪು ಪಾದ್ರಿಗಳು, ಮುಖಂಡರು ಸೇರಿದ್ದು ಡೆಕ್ಸ್‌ಟರ್ ಚರ್ಚಿನ ನೆಲಮಾಳಿಗೆಯಲ್ಲಿ. ಒಂದು ಕರಪತ್ರ ಪತ್ರಿಕೆಯವರ ಕೈಗೂ ಸೇರಿ, ಭಾನುವಾರದ ಮುಖಪುಟದಲ್ಲಿ ಸುದ್ದಿಯಾಯಿತು. ಕರಪತ್ರ ಸಿಗದವರಿಗೂ ಗೊತ್ತಾಯಿತು! ಸೋಮವಾರ ಬಸ್ಸುಗಳು ಖಾಲಿ ಓಡಿದವು. ಪಾರ್ಕ್ಸ್ ಅವರಿಗೆ ಕೋರ್ಟು 10 ಡಾಲರ್ ದಂಡ, ಜೊತೆಗೆ 4 ಡಾಲರ್ ಖರ್ಚು ಹಾಕಿತು.

ಅಂದು ಮಧ್ಯಾಹ್ನ ಇನ್ನೊಂದು ಚರ್ಚಿನಲ್ಲಿ ‘ಮಾಂಟ್‌ಗೊಮರಿ ಸುಧಾರಣಾ ಸಂಘ’ ಹುಟ್ಟಿತು. ಅಧ್ಯಕ್ಷ ಸ್ಥಾನಕ್ಕೆ ಕಿಂಗ್ ಹೆಸರು ಸೂಚಿಸಿದವರು ಡೆಕ್ಸ್‌ಟರ್ ಸಭೆಯವರೇ ಆದ, ಒಂದು ಕಾಲದ ಫುಟ್‌ಬಾಲ್ ಕೋಚ್ ರೂಫಸ್ ಲೂಯಿಸ್. ಸಂಘ ಕೇಳಿದ್ದಾದರೂ ಏನು? ಪ್ರತ್ಯೇಕ ಸೀಟು ಪೂರ್ತಿ ತೆಗೆಯಿರಿ ಎಂದೂ ಅಲ್ಲ. ಮರ್ಯಾದೆಯಿಂದ ನಡೆಸಿಕೊಳ್ಳಿ, ನಾವು ಹಿಂದಿನಿಂದ ಅವರು ಮುಂದಿನಿಂದ ತುಂಬುತ್ತ ಬರೋಣ, ಕೂತವರನ್ನು ಎಬ್ಬಿಸಬೇಡಿ, ನಮ್ಮ ಬಡಾವಣೆಗಳ ಬಸ್ಸಿಗೆ ನಮ್ಮ ಡ್ರೈವರುಗಳನ್ನೂ ತೆಗೆದುಕೊಳ್ಳಿ. ಇಷ್ಟಕ್ಕೂ ಆಡಳಿತ ಒಪ್ಪಲಿಲ್ಲ.

ಚಕ್ರ ಕಟ್ಟಿಕೊಂಡ ಚರ್ಚುಗಳು

ಒಂದು ದಿನ ಬಸ್ಸು ಬಿಡುವುದು ಸುಲಭ. ಎರಡನೇ ದಿನ? ಹತ್ತನೇ ದಿನ? ಮನೆಗೆಲಸದ ಹೆಂಗಸು ಊರಾಚೆಯ ಬಂಗಲೆಗೆ ಬೆಳಿಗ್ಗೆ ಏಳಕ್ಕೆ ಮುಟ್ಟುವುದು ಹೇಗೆ? ಕಪ್ಪುಜನರ ಟ್ಯಾಕ್ಸಿಯವರು ಮೊದಲು ಹತ್ತೇ ಸೆಂಟಿಗೆ ಕರೆದೊಯ್ದರು. ಕನಿಷ್ಠ ದರ 45 ಸೆಂಟ್ ಎಂಬ ಕಾನೂನು ತೋರಿಸಿ ಪೊಲೀಸರು ಅದನ್ನು ತಡೆದರು.

ಆಗ ಸಂಘ ಕಾರ್‌ಪೂಲ್ ಶುರುಮಾಡಿತು. ಸಾರಿಗೆ ಸಮಿತಿಯ ಹೊಣೆ ರೂಫಸ್ ಲೂಯಿಸ್ ಮೇಲೆ. ಎರಡು ವರ್ಷ ಮುಂಚೆ ಲೂಯಿಸಿಯಾನದ ಬ್ಯಾಟನ್ ರೂಜ್‌ನಲ್ಲಿ ಹೀಗೇ ಮಾಡಿದ್ದ ಪಾದ್ರಿಯೊಬ್ಬರಿಂದ ಸಲಹೆ ಪಡೆದರು. ಓಣಿ ಓಣಿ ಗೊತ್ತಿದ್ದ ಅಂಚೆ ನೌಕರರು ದಾರಿಗಳನ್ನು ಗುರುತಿಸಿಕೊಟ್ಟರು. ಸುಮಾರು 300 ಕಾರುಗಳು. ಬೆಳಿಗ್ಗೆ ಹತ್ತಿಸಿಕೊಳ್ಳಲು ನಲವತ್ತಕ್ಕೂ ಹೆಚ್ಚು ತಾಣ, ಸಂಜೆ ವಾಪಸು ಕರೆತರಲು ಅಷ್ಟೇ ತಾಣ. ಬೆಳಗಿನ ತಾಣಗಳು ಹೆಚ್ಚಾಗಿ ಚರ್ಚುಗಳೇ. ಚಳಿಗೆ ಹೊರಗೆ ನಿಲ್ಲದೆ ಒಳಗೆ ಬೆಚ್ಚಗೆ ಕೂರಬಹುದಲ್ಲ! ಊರ ನಡುವೆ ರಿಚರ್ಡ್ ಹ್ಯಾರಿಸ್ ಎಂಬವರ ಔಷಧದಂಗಡಿಯಿತ್ತು. ಅವರು ಒಂದು ಕಡೆ ಮದ್ದು ಕಟ್ಟುತ್ತ, ಇನ್ನೊಂದು ಕಡೆ ಫೋನಿನಲ್ಲಿ ಯಾವ ಕಾರು ಎಲ್ಲಿಗೆ ಎಂದು ಹೇಳುತ್ತಿದ್ದರು. ಆಮೇಲೆ ಚರ್ಚುಗಳ ಹೆಸರಿನಲ್ಲೇ ಸ್ಟೇಷನ್ ವ್ಯಾಗನ್‌ಗಳನ್ನು ಕೊಂಡು, ಪಕ್ಕದಲ್ಲಿ ಚರ್ಚಿನ ಹೆಸರು ಬರೆಸಿದರು. ಜನ ಅವನ್ನು ಉರುಳುವ ಚರ್ಚು ಎಂದೇ ಕರೆದರು. ಊರಿನವರು ಅವುಗಳ ವಿಮೆ ರದ್ದಾಗುವಂತೆ ಮಾಡಿದಾಗ, ಅಟ್ಲಾಂಟಾದ ಕಪ್ಪು ಏಜೆಂಟರೊಬ್ಬರು ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ತಂದುಕೊಟ್ಟರು.

ಕಾರು ಓಡಬೇಕಾದರೆ ಪೆಟ್ರೋಲು ಬೇಕು, ಪೆಟ್ರೋಲಿಗೆ ದುಡ್ಡು. ಜಾರ್ಜಿಯಾ ಗಿಲ್ಮೋರ್ ನಮ್ಮ ಕಡೆ ಹುಟ್ಟಿದ್ದರೆ ಮದುವೆಮನೆಯ ಅಡುಗೆಯ ಉಸ್ತುವಾರಿ ಇವರದೇ ಆಗಿರುತ್ತಿತ್ತು. ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ, ಸೂಲಗಿತ್ತಿ ಕೆಲಸವನ್ನೂ ಬಲ್ಲ, ಮಾತಿನಲ್ಲಿ ಯಾರಿಗೂ ಹೆದರದ ಹೆಂಗಸು. ಒಂದಷ್ಟು ಹೆಂಗಸರನ್ನು ಸೇರಿಸಿಕೊಂಡು ಮನೆಯಲ್ಲಿ ಕೇಕು, ಪೈ, ಚಿಕನ್ ಸ್ಯಾಂಡ್‌ವಿಚ್ ಮಾಡಿ, ಬ್ಯೂಟಿ ಪಾರ್ಲರು, ಲಾಂಡ್ರಿ, ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಮಾರಿಸಿದರು. ಗುಂಪಿಗೆ ‘ಎಲ್ಲಿಯದೂ ಅಲ್ಲದ ಕ್ಲಬ್ಬು’ ಎಂದು ಹೆಸರು. ದುಡ್ಡು ಎಲ್ಲಿಂದ ಬಂತು ಎಂದು ಕೇಳಿದರೆ, ಎಲ್ಲಿಂದಲೂ ಇಲ್ಲ! ಅಡುಗೆ ಮಾಡಿದವರಲ್ಲಿ ಬಿಳಿಯರ ಮನೆಗಳಲ್ಲಿ ದುಡಿಯುವವರೇ ಹೆಚ್ಚು. ಹೆಸರು ಹೊರಬಂದರೆ ಕೆಲಸ ಹೋಗುತ್ತಿತ್ತು. ರುಚಿ ಹತ್ತಿದ ಬಿಳಿಯರೂ ಕೊಂಡರು. ವಾರಕ್ಕೆರಡು ಸಲ ಚರ್ಚುಗಳಲ್ಲಿ ಸರದಿಯಂತೆ ನಡೆಯುತ್ತಿದ್ದ ದೊಡ್ಡ ಸಭೆಗಳಲ್ಲಿ ಗಿಲ್ಮೋರ್ ಎದ್ದು ಹಣ ಒಪ್ಪಿಸುವಾಗ ಚಪ್ಪಾಳೆಯೋ ಚಪ್ಪಾಳೆ. ಊರಿನ ಇನ್ನೊಂದು ಭಾಗದ ಹೆಂಗಸರು ಪೈಪೋಟಿಗೆ ಇನ್ನೊಂದು ಕ್ಲಬ್ಬು ಕಟ್ಟಿದರು. ಪೈಪೋಟಿಯಿಂದ ಪೆಟ್ರೋಲಿಗೆ ಲಾಭ! 1956ರ ಮಾರ್ಚಿನಲ್ಲಿ ಕಿಂಗ್ ಪರವಾಗಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದಕ್ಕೆ ಗಿಲ್ಮೋರ್ ಕೆಲಸ ಕಳೆದುಕೊಂಡರು. ಮನೆಯಲ್ಲೇ ಊಟ ಹಾಕಲು ಶುರು ಮಾಡಿ ಎಂದು ಕಿಂಗ್ ಬೆನ್ನು ತಟ್ಟಿದರು. ಆ ಊಟದ ಮನೆ ನಿಂತಿತು.

ಜೊತೆಗೆ ಬಂದ ಬಿಳಿಯರು

ಬಿಳಿಯರೆಲ್ಲ ಒಂದೇ ಕಡೆ ಇದ್ದರೆಂದುಕೊಳ್ಳಬೇಡಿ. ಟ್ರಿನಿಟಿ ಲೂಥರನ್ ಚರ್ಚಿನ ಸಭೆ ಕಪ್ಪುಜನರದು, ಪಾದ್ರಿ ರಾಬರ್ಟ್ ಗ್ರೆಟ್ಸ್ ಬಿಳಿಯ. ಮುಂಜಾನೆ ಎದ್ದು ತಮ್ಮ ಕಾರಿನಲ್ಲಿ ಜನರನ್ನು ಕೆಲಸಕ್ಕೆ ಬಿಡುತ್ತಿದ್ದರು. ಅವರ ಮನೆಗೆ ಎರಡು ಸಲ ಬಾಂಬು ಬಿತ್ತು. ಗ್ರಂಥಪಾಲಕಿ ಜೂಲಿಯೆಟ್ ಮಾರ್ಗನ್, ಬಹಿಷ್ಕಾರ ಶುರುವಾದ ಒಂದೇ ವಾರಕ್ಕೆ ಸ್ಥಳೀಯ ಪತ್ರಿಕೆಗೆ ಬರೆದ ಪತ್ರದಲ್ಲಿ ಇದನ್ನು ನಮ್ಮ ಗಾಂಧೀಜಿಯ ಉಪ್ಪಿನ ಸತ್ಯಾಗ್ರಹಕ್ಕೆ ಹೋಲಿಸಿದರು. ಅವರಿಗೆ ಸಿಕ್ಕಿದ್ದು ಬೆದರಿಕೆಯ ಫೋನು, ಕಿಟಕಿಗೆ ಕಲ್ಲು, ಗೆಳತಿಯರ ಮೌನ. ಆ ಒಂಟಿತನ ತಾಳಲಾರದೆ 1957ರಲ್ಲಿ ಅವರು ಜೀವ ಕಳೆದುಕೊಂಡರು. ಎಷ್ಟೋ ವರ್ಷದ ಮೇಲೆ ಅದೇ ಊರಿನ ಮುಖ್ಯ ಗ್ರಂಥಾಲಯಕ್ಕೆ ಅವರ ಹೆಸರಿಟ್ಟರು. ಇನ್ನು ತಮ್ಮ ಮನೆಗೆಲಸದವರನ್ನು ತಾವೇ ಕಾರಿನಲ್ಲಿ ಕರೆತಂದ ಗೃಹಿಣಿಯರೂ ಇದ್ದರು. ಬಹಿಷ್ಕಾರ ಮುರಿಯದಿರಲು ನೀವೇ ಕಾರಣ ಎಂದು ಮೇಯರು ಅವರ ಮೇಲೆ ರೇಗಿದರೆ, ಅವರು ಲೆಕ್ಕಿಸಲಿಲ್ಲ. ನ್ಯಾಯಕ್ಕಾಗಿ ಮಾಡಿದರೋ, ಮನೆ ಕೆಲಸ ನಿಲ್ಲಬಾರದೆಂದು ಮಾಡಿದರೋ? ಎರಡೂ ಇದ್ದಿರಬಹುದು. ಕಾರು ಮಾತ್ರ ಓಡಿತು.

ಕಿರುಕುಳ ಕಮ್ಮಿ ಇರಲಿಲ್ಲ. ಕಾರ್‌ಪೂಲ್ ಓಡಿಸುವವರಿಗೆ ದಿನಾ ಟ್ರಾಫಿಕ್ ದಂಡ. ರಾಬಿನ್ಸನ್ ಅವರ ಕಾರಿನ ಮೇಲೆ ಆ್ಯಸಿಡ್ ಸುರಿದರು. 1956ರ ಜನವರಿ 30ರ ರಾತ್ರಿ ಕಿಂಗ್ ಸಭೆಯಲ್ಲಿದ್ದಾಗ ಅವರ ಮನೆಯ ಜಗಲಿಗೆ ಬಾಂಬು ಎಸೆದರು. ಒಳಗೆ ಹೆಂಡತಿ, ಎರಡು ತಿಂಗಳ ಮಗು, ಜೊತೆಗಿರಲು ಬಂದಿದ್ದ ಡೆಕ್ಸ್‌ಟರ್ ಸಭೆಯ ಹೆಂಗಸೊಬ್ಬರು. ಯಾರಿಗೂ ಏನೂ ಆಗಲಿಲ್ಲ. ಆಯುಧ ಹಿಡಿದು ಸೇರಿದ್ದ ಜನರನ್ನು ಕಿಂಗ್ ಅದೇ ಜಗಲಿಯಲ್ಲಿ ನಿಂತು ಸಮಾಧಾನಪಡಿಸಿ ಮನೆಗೆ ಕಳಿಸಿದರು.

ನವೆಂಬರ್ 13ರಂದು ಕಾರ್‌ಪೂಲನ್ನೇ ನಿಲ್ಲಿಸುವ ವಿಚಾರಣೆ ಕೋರ್ಟಿನಲ್ಲಿ ನಡೆಯುತ್ತಿತ್ತು. ಅದೇ ದಿನ ವಾಷಿಂಗ್ಟನ್ನಿನಿಂದ ಸುದ್ದಿ ಬಂತು. ಬಸ್ಸಿನಲ್ಲಿ ವರ್ಣಭೇದ ಸಂವಿಧಾನಬಾಹಿರ ಎಂಬ ತೀರ್ಪನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದಿತ್ತು. ಆ ದಾವೆ ಹೂಡಿದ ನಾಲ್ವರು ಹೆಣ್ಣುಮಕ್ಕಳಲ್ಲಿ ಕ್ಲಾಡೆಟ್ ಕಾಲ್ವಿನ್ ಒಬ್ಬಳು. ಆದೇಶ ಕೈಗೆ ಬರಲು ಇನ್ನೂ ಒಂದು ತಿಂಗಳು ಹಿಡಿಯಿತು, ಕಾರ್‌ಪೂಲ್ ನಿಂತಿತ್ತು. ಆ ತಿಂಗಳು ಜನ ನಡೆದರು. ಅಷ್ಟರಲ್ಲಿ ಚರ್ಚುಗಳಲ್ಲಿ ವಿಚಿತ್ರ ತಾಲೀಮು. ಕುರ್ಚಿಗಳನ್ನು ಬಸ್ಸಿನ ಹಾಗೆ ಜೋಡಿಸಿ, ಒಬ್ಬರು ಡ್ರೈವರು, ಕೆಲವರು ಸಿಡುಕುವ ಬಿಳಿಯರು, ಉಳಿದವರು ಪ್ರಯಾಣಿಕರು. ಬೈದರೆ ತಿರುಗಿ ಬೈಯದೆ, ಹೊಡೆದರೆ ತಿರುಗಿ ಹೊಡೆಯದೆ ಕೂರುವುದನ್ನು ಕಲಿತರು. ಗೆದ್ದವರು ಮೆರೆಯಬಾರದೆಂದೂ ಹೇಳಿಕೊಟ್ಟರು. ಡಿಸೆಂಬರ್ 21ರಂದು ಮತ್ತೆ ಬಸ್ಸು ಹತ್ತಿದರು. ಅಲ್ಲಿಗೆ 381 ದಿನ. ಮೂರು ವಾರದೊಳಗೆ, ಜನವರಿ 10ರಂದು, ನಾಲ್ಕು ಚರ್ಚುಗಳಿಗೆ ಬಾಂಬು ಬಿತ್ತು. ಸಭೆಗಳು ಮತ್ತೆ ಕಟ್ಟಿಕೊಂಡವು.

ಮೈಸೂರಿನಲ್ಲಿ ಒಂದು ದಿನ

ಈಗ ನಮ್ಮ ಕಡೆಗೆ ಬರೋಣ. ಕಿಂಗ್ ಅವರ ಗುರುಗಳಲ್ಲಿ ಮುಖ್ಯರು ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷ ಬೆಂಜಮಿನ್ ಮೇಯ್ಸ್. ಬಹಿಷ್ಕಾರದ ನಡುವೆ ಬಂಧನ ಖಚಿತವಾದಾಗ, ಮಾಂಟ್‌ಗೊಮರಿಗೆ ಮರಳಬೇಡವೆಂದು ಕಿಂಗ್ ಅವರ ತಂದೆಯೇ ತಡೆದರು. ಹೋಗಲಿ ಬಿಡಿ, ಅವನ ನಿರ್ಧಾರ ಸರಿ ಎಂದು ಪಕ್ಕ ನಿಂತವರು ಮೇಯ್ಸ್. ಈ ಮೇಯ್ಸ್ 1936ರ ಕೊನೆಯಲ್ಲಿ ಭಾರತಕ್ಕೆ ಬಂದು, ಗಾಂಧೀಜಿಯನ್ನು ಕಂಡು, 1937ರ ಜನವರಿಯಲ್ಲಿ ವೈಎಂಸಿಎ ವಿಶ್ವ ಸಮ್ಮೇಳನಕ್ಕೆಂದು ನಮ್ಮ ಮೈಸೂರಿನಲ್ಲಿದ್ದರು. ಅಲ್ಲಿದ್ದಾಗ ಅಸ್ಪೃಶ್ಯರ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಕರೆದು, ದೊಡ್ಡ ಸಾಧನೆ ಮಾಡಿದ ಅಮೆರಿಕದ ಅಸ್ಪೃಶ್ಯ ಇವರು ಎಂದು ಮಕ್ಕಳಿಗೆ ಪರಿಚಯಿಸಿದರು. ಮೇಯ್ಸ್‌ಗೆ ಮೊದಲು ಕಸಿವಿಸಿಯಾಯಿತಂತೆ. ಮರುಕ್ಷಣ ಮೇಷ್ಟ್ರು ಹೇಳಿದ್ದು ಸರಿಯೆಂದು ಹೊಳೆಯಿತಂತೆ. ಇಪ್ಪತ್ತೆರಡು ವರ್ಷದ ನಂತರ ಕೇರಳದ ಶಾಲೆಯೊಂದರಲ್ಲಿ ಕಿಂಗ್ ಅವರಿಗೂ ಹೆಚ್ಚುಕಡಿಮೆ ಇದೇ ಪರಿಚಯ, ಇದೇ ಕಸಿವಿಸಿ, ಇದೇ ಒಪ್ಪಿಗೆ. 1965ರ ಪ್ರವಚನವೊಂದರಲ್ಲಿ ಅವರೇ ಇದನ್ನು ಹೇಳಿಕೊಂಡರು.

ಅಂದರೆ ಮಿತ್ರರೇ, ಇದು ದೂರದ ದೇಶದ ಕತೆ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. 2014ರಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ಹುಡುಗ ನಿಡೋ ತಾನಿಯಾ, ಅವನ ರೂಪ ಕಂಡು ನಕ್ಕವರೊಡನೆ ಆದ ಜಗಳದಲ್ಲಿ ಏಟು ತಿಂದು ಪ್ರಾಣಬಿಟ್ಟ. 2016ರಲ್ಲಿ ನಮ್ಮ ಬೆಂಗಳೂರಿನಲ್ಲೇ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು.

ನನ್ನದೂ ಒಂದಿದೆ, ಹೇಳಿಬಿಡುತ್ತೇನೆ. ಈ ಊರಿಗೆ ಬಂದ ಹೊಸತರಲ್ಲಿ ಮಣಿಪುರದ ಸಹೋದ್ಯೋಗಿಯೊಬ್ಬಳ ಜೊತೆ ಬಾಡಿಗೆ ಮನೆ ಹುಡುಕುತ್ತಿದ್ದೆ. ಒಂದು ಮನೆ ಒಪ್ಪಿಗೆಯಾಯಿತು. ಮನೆಯವರು ನನ್ನನ್ನು ಪಕ್ಕಕ್ಕೆ ಕರೆದು, ‘ನೀವೊಬ್ಬರೇ ಆದರೆ ಕೊಡುತ್ತೇವೆ’ ಎಂದರು. ಏಕೆ ಎಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ನೀರು ಚೆನ್ನಾಗಿತ್ತು, ಸ್ಟೇಷನ್ನಿಗೆ ಹತ್ತಿರವಿತ್ತು. ಮನೆ ಹಿಡಿದೆ. ಅವಳು ಏನೂ ಅನ್ನಲಿಲ್ಲ, ನಗುನಗುತ್ತಲೇ ಸಾಮಾನು ಸಾಗಿಸಲು ಕೈಗೂಡಿಸಿದಳು. ಮಾಂಟ್‌ಗೊಮರಿಯ ಕತೆ ಓದುವಾಗೆಲ್ಲ ನನಗೆ ಆ ದಿನ ನೆನಪಾಗುತ್ತದೆ. ಅಂದು ನಾನು ಭಾಷಣ ಮಾಡಬೇಕಿರಲಿಲ್ಲ. ‘ಹಾಗಾದರೆ ನನಗೂ ಬೇಡ’ ಎಂದಿದ್ದರೆ ಸಾಕಿತ್ತು. ಹತ್ತು ಸೆಂಟಿನ ಬಸ್ಸನ್ನು ಬೇಡ ಎಂದವರು ಮಾಡಿದ್ದೂ ಇಷ್ಟೇ.

ಮುಂಬೈಯ ಕೇಳುಗರು ಬಿಡುವಾದಾಗ ಗಾಮದೇವಿಯ ಮಣಿ ಭವನಕ್ಕೆ ಹೋಗಿ ಬನ್ನಿ. ಗಾಂಧೀಜಿ ಇದ್ದ ಆ ಮನೆಯಲ್ಲಿ 1959ರಲ್ಲಿ ಕಿಂಗ್ ದಂಪತಿ ತಂಗಿದ್ದರು. ಜಾರ್ಜಿಯಾ ಗಿಲ್ಮೋರ್ ಮಾತ್ರ ಎಲ್ಲಿಗೂ ಹೋಗಲಿಲ್ಲ, ತಮ್ಮ ಅಡುಗೆಮನೆಯಲ್ಲೇ ಇದ್ದರು. 1990ರ ಮಾರ್ಚಿನಲ್ಲಿ, ಸೆಲ್ಮಾ ಪಾದಯಾತ್ರೆಯ ಇಪ್ಪತ್ತೈದನೇ ವರ್ಷಾಚರಣೆಗೆ ಬರುವವರಿಗೆಂದು ಅಡುಗೆ ಮಾಡುತ್ತಿರುವಾಗಲೇ ಆರೋಗ್ಯ ಕೆಟ್ಟು ತೀರಿಕೊಂಡರು. ಆ ಅಡುಗೆಯನ್ನೇ ಮನೆಯವರು ನೋಡಲು ಬಂದವರಿಗೆ ಬಡಿಸಿದರು.

ನಿಮ್ಮ ಬಸ್ಸಿನಲ್ಲೋ, ಬಾಡಿಗೆ ಮನೆಯಲ್ಲೋ, ಸಂಘದ ಸಭೆಯಲ್ಲೋ ಹೀಗೆ ಬಾಯಿಬಿಟ್ಟ ಅಥವಾ ಬಾಯಿಮುಚ್ಚಿದ ಒಂದು ದಿನ ಇದ್ದರೆ ನಾಲ್ಕು ಸಾಲು ಬರೆದು ಕಳಿಸಿ. ಹೆಸರು ಬೇಡವೆಂದರೆ ಹೆಸರಿಲ್ಲದೆಯೇ ಓದುತ್ತೇನೆ. ಮುಂದಿನ ವಾರ ಮತ್ತೆ ಸಿಗೋಣ. ಅಲ್ಲಿಯವರೆಗೆ ನಮಸ್ಕಾರ.